ಮಧ್ಯಾಹ್ನದ ಮಾತ್ರೆ ಕೊಡುವವರು ಯಾರು?

ಕಳೆದ ವಾರ ಒಬ್ಬ ತಾಯಿ ಎರಡು ಮಾತ್ರೆ ಪಟ್ಟಿಗಳನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಇದ್ರಾಗ ಯಾವ್ದು ಪವರ್ ಕಮ್ಮಿ ಅದ?" ಎಂದು ಕೇಳಿದರು. ಮಗನಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಮೊದಲು ಕೊಟ್ಟಿದ್ದು ದಿನಕ್ಕೆ ಎರಡು ಸಲ ನುಂಗುವ ಮಾತ್ರೆ, ಈಗ ಬರೆದುಕೊಟ್ಟಿರುವುದು ಒಂದೇ ಸಲದ್ದು. ಒಂದೇ ಮಾತ್ರೆ ದಿನವಿಡೀ ಕೆಲಸ ಮಾಡುವುದಾದರೆ ಅದು ಬಲು ಕಡುವಾಗಿರಬೇಕು ಎಂಬುದು ಅವರ ಅಂಜಿಕೆ. ಹೈದರಾಬಾದಿನ ವೈದ್ಯರು ತೆಲುಗಿನಲ್ಲಿ ಎಲ್ಲವನ್ನೂ ವಿವರಿಸಿದ್ದರು. ಮನೆ ಮುಟ್ಟುವ ಹೊತ್ತಿಗೆ ತಾಯಿಯ ನೆನಪಿನಲ್ಲಿ ಅರ್ಧ ಮಾತ್ರ ಉಳಿದಿತ್ತು.

ಎರಡೂ ಪಟ್ಟಿಗಳಲ್ಲಿದ್ದುದು ಒಂದೇ ಔಷಧಿ, ಮೀಥೈಲ್‌ಫೆನಿಡೇಟ್. ನಮ್ಮ ದೇಶದಲ್ಲಿ ಈ ತೊಂದರೆಗೆ ಕೊಡುವ ಉತ್ತೇಜಕ ಔಷಧಿ ಮುಖ್ಯವಾಗಿ ಇದೇ. ವ್ಯತ್ಯಾಸವಿರುವುದು ಬಿಡುಗಡೆಯ ವೇಗದಲ್ಲಿ. ಕಬ್ಬಿನ ಹೊಲಕ್ಕೆ ಒಮ್ಮೆಗೇ ನೀರು ಹಾಯಿಸುವುದಕ್ಕೂ ಹನಿ ನೀರಾವರಿಗೂ ಇರುವ ಅಂತರದಂತೆ. ಪಟ್ಟಿಯ ಮೇಲೆ 10 ಮಿ.ಗ್ರಾಂ. ಇದ್ದದ್ದು 20 ಆಯಿತೆಂದು ಹೆದರಬೇಕಿಲ್ಲ. 10ನ್ನು ಎರಡು ಸಲ ಕೊಟ್ಟರೂ ದಿನದ ಮೊತ್ತ ಅಷ್ಟೇ.

ಅಲ್ಪಾವಧಿ ಮಾತ್ರೆಯ ಪರಿಣಾಮ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆರಂಭವಾಗಿ, ಮೂರು-ನಾಲ್ಕು ಗಂಟೆಗಳಲ್ಲಿ ಇಳಿಯುತ್ತದೆ. ದೀರ್ಘಾವಧಿಯದು ತಯಾರಿಕೆಗೆ ಅನುಗುಣವಾಗಿ ಸುಮಾರು ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಅಲ್ಪಾವಧಿ ಮಾತ್ರೆ ಕೊಟ್ಟರೆ ಬಿಸಿಯೂಟದ ಹೊತ್ತಿಗೆ ಅದು ಮುಗಿದಂತೆಯೇ. ಆಮೇಲಿನ ಮಾತ್ರೆಯನ್ನು ಕೊಡುವವರು ಯಾರು? ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಹಳ್ಳಿಶಾಲೆಯಲ್ಲಿ ದಾದಿಯನ್ನು ನಿರೀಕ್ಷಿಸಲಾಗದು. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳುವಲ್ಲಿ ಮರೆವು ಸಹಜ. ಮಗುವಿನ ಜೇಬಿನಲ್ಲಿಟ್ಟು ಕಳುಹಿಸುವುದಂತೂ ಕೂಡದು: ಮರೆವೇ ತೊಂದರೆಯಾಗಿರುವ ಮಗುವಿನ ಮೇಲೆ ನೆನಪಿನ ಹೊಣೆ ಹೊರಿಸಿದಂತಾಗುತ್ತದೆ, ಮಾತ್ರೆ ಬೇರೆ ಮಕ್ಕಳ ಕೈಗೂ ಹೋಗಬಹುದು. ಹೀಗಾಗಿ ನಮ್ಮ ಬಹುಪಾಲು ಮನೆಗಳಿಗೆ ಬೆಳಗಿನ ಒಂದೇ ಮಾತ್ರೆ ಅನುಕೂಲವೆಂದು ನನಗೆ ಅನಿಸುತ್ತದೆ. ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಟ್ಟು, ಒಬ್ಬ ಶಿಕ್ಷಕರು ಹೊಣೆ ಹೊತ್ತರೆ ಎರಡು ಸಲದ ಕ್ರಮವೂ ನಡೆಯುತ್ತದೆ.

ಅಲ್ಪಾವಧಿಯದು ಕೀಳೇನಲ್ಲ. ಎಷ್ಟು ಪ್ರಮಾಣ ಹಿಡಿಸುತ್ತದೆಂದು ನೋಡುವಾಗ, ಚಿಕ್ಕ ಮಗುವಿಗೆ, ಖರ್ಚು ಭಾರವಾದಾಗ ಅದು ಒದಗುತ್ತದೆ. ತೊಂದರೆ ಕಂಡರೆ ಕೆಲವೇ ಗಂಟೆಗಳಲ್ಲಿ ಪರಿಣಾಮ ಕಳೆಯುತ್ತದೆ. ಆದರೆ ಇಳಿಯುವ ಹೊತ್ತಿಗೆ ಕೆಲವು ಮಕ್ಕಳಲ್ಲಿ ಸಿಡುಕು, ಅಳು ಹೆಚ್ಚುವುದುಂಟು. ದೀರ್ಘಾವಧಿ ಮಾತ್ರೆಯನ್ನು ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಕೆಡುತ್ತದೆ. ಒಂದು ದಿನ ಬೆಳಿಗ್ಗೆ ಮರೆತರೆ ಸಂಜೆ ಕೊಡಬೇಡಿ. ಎರಡೂ ಹಸಿವನ್ನು ತಗ್ಗಿಸುತ್ತವೆ. ಬಿಸಿಯೂಟ ತಟ್ಟೆಯಲ್ಲೇ ಉಳಿದರೆ ಮಗುವನ್ನು ಗದರದೆ, ಮಾತ್ರೆಗೆ ಮುನ್ನ ಹೊಟ್ಟೆ ತುಂಬ ಉಪಾಹಾರ, ರಾತ್ರಿ ಹಸಿವು ಮರಳಿದಾಗ ಊಟ ಕೊಡಿ. ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಆಗಾಗ ಅಳೆಸಬೇಕು. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ, ಮಗು ಮೂರ್ಛೆ ಹೋಗಿದ್ದರೆ ಮೊದಲೇ ಹೇಳಿ.

ನಮ್ಮ ಮನೆಗಳಲ್ಲಿ ಮಾತ್ರೆ ನುಂಗದ ಮಗುವಿಗೆ ಅದನ್ನು ಕುಟ್ಟಿ ಬೆಲ್ಲದಲ್ಲಿ ಕಲಸಿ ಕೊಡುವ ರೂಢಿಯಿದೆ. ದೀರ್ಘಾವಧಿ ಮಾತ್ರೆಗೆ ಅದು ಸಲ್ಲದು. ಕುಟ್ಟಿದರೆ, ಅಗಿದರೆ ಇಡೀ ದಿನದ ಔಷಧಿ ಒಮ್ಮೆಗೇ ಮೈಗೇರುತ್ತದೆ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಒಡಿ ಎಂಬ ಅಕ್ಷರಗಳಿದ್ದರೆ ವೈದ್ಯರನ್ನು ಕೇಳದೆ ಮುರಿಯಬೇಡಿ.

ಎಲ್ಲ ಅಂಗಡಿಗಳಲ್ಲಿ ಇದು ಸಿಗುವುದೂ ಇಲ್ಲ. 1945ರ ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಸೇರಿರುವುದರಿಂದ ಮಾರಲು ಪ್ರತ್ಯೇಕ ಪರವಾನಗಿ ಬೇಕು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಬೀದರಿಗೆ ಹೋದರೂ ಇದೇ ಕೇಂದ್ರ ನಿಯಮ. ಬರೆದುಕೊಟ್ಟ ಮಾತ್ರೆ ಎಲ್ಲಿ ಸಿಗುತ್ತದೆ, ತಿಂಗಳ ಖರ್ಚೆಷ್ಟು ಎಂದು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ತೆಲುಗು ಅವಧಿಯಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ಎಡಿಎಚ್‌ಡಿ ಇದೆಯೆಂದು ದುಡುಕಬಾರದು. ಅದಕ್ಕೆ ಭಾಷೆ ಅರ್ಥವಾಗದಿರಬಹುದು. ಲಕ್ಷಣಗಳು ಮನೆ ಮತ್ತು ಶಾಲೆ ಎರಡೂ ಕಡೆ, ಆರು ತಿಂಗಳಾದರೂ ಕಾಣಬೇಕು. ಸಂದೇಹಗಳನ್ನು ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಕೇಳಬಹುದು. ಆದರೆ ಈ ಔಷಧಿಯನ್ನು ಫೋನಿನ ಮೂಲಕ ಬರೆದುಕೊಡುವಂತಿಲ್ಲ.

ಆ ತಾಯಿಗೆ ನೋಟ್‌ಬುಕ್ಕಿನಲ್ಲಿ ಒಂದು ವಾರದ ದಿನಚರಿ ಬರೆಯಲು ಹೇಳಿದೆ: ಎದ್ದದ್ದೆಷ್ಟಕ್ಕೆ, ಮಾತ್ರೆ ಎಷ್ಟಕ್ಕೆ, ಉಂಡದ್ದೆಷ್ಟು, ರಂಪ ಯಾವಾಗ, ನಿದ್ದೆ ಯಾವಾಗ. ಅವರು ಕನ್ನಡದಲ್ಲಿ ಬರೆದು ತಂದರು. ವೈದ್ಯರಿಗೆ ತಿಳಿಯಲೆಂದು ಕೆಳಗೆ ತೆಲುಗಿನಲ್ಲಿ ನಾನು ಬರೆದುಕೊಟ್ಟೆ.