ಒಬ್ಬ ಬಿಷಪರಿಗೆ 583 ಸಭೆ: ಪಾಲನಾ ಪತ್ರದಲ್ಲಿ ಬರಬೇಕಾದ ಲೆಕ್ಕ

ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ, ಹೇಳಿಕೊಳ್ಳುವ ಸದಸ್ಯರ ಸಂಖ್ಯೆ ಸುಮಾರು 40 ಲಕ್ಷ. ಸ್ಥಳೀಯ ಸಭೆಗಳು ಸುಮಾರು 14,000. ಶ್ರೀಲಂಕಾದ ಜಾಫ್ನಾ ಸೇರಿ ಸಭಾಪ್ರಾಂತಗಳು, ಅಂದರೆ ಒಬ್ಬೊಬ್ಬ ಬಿಷಪರ ಆಡಳಿತ ವ್ಯಾಪ್ತಿಗಳು, 24. ಭಾಗಿಸಿದರೆ ಒಬ್ಬ ಬಿಷಪರ ಪಾಲಿಗೆ 1.67 ಲಕ್ಷ ಜನ, 583 ಸಭೆ. ಭಾನುವಾರಕ್ಕೊಂದು ಸಭೆಯಂತೆ ಬಿಡುವಿಲ್ಲದೆ ತಿರುಗಿದರೂ ಒಂದು ಸುತ್ತು ಮುಗಿಯಲು 11 ವರ್ಷ ಬೇಕು. 12ನೇ ವಯಸ್ಸಿನಲ್ಲಿ ತನ್ನೂರ ಸಭೆಯಲ್ಲಿ ಬಿಷಪರನ್ನು ಕಂಡ ಹುಡುಗ ಮತ್ತೆ ಅಲ್ಲೇ ಕಾಣುವ ಹೊತ್ತಿಗೆ 23 ದಾಟಿರುತ್ತಾನೆ.

ಹೊರೆ ಎರಡು ಪಟ್ಟು

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದಾಗ ಸದಸ್ಯರು ಸುಮಾರು 10 ಲಕ್ಷ, ಸಭಾಪ್ರಾಂತಗಳು 14. ಅಂದು ಸಭಾಪ್ರಾಂತಕ್ಕೆ ಸರಾಸರಿ 71,000 ಜನ. ಜನ ನಾಲ್ಕು ಪಟ್ಟಾದರು, ಸಭಾಪ್ರಾಂತಗಳು ಎರಡು ಪಟ್ಟೂ ಆಗಲಿಲ್ಲ. ಹೀಗಾಗಿ ಒಬ್ಬೊಬ್ಬ ಬಿಷಪರ ಹೊರೆ ಎರಡು ಪಟ್ಟು ದಾಟಿದೆ.

ಅಂದು ಮೈಸೂರು ಸಭಾಪ್ರಾಂತದ ಮೊದಲ ಬಿಷಪರಾದವರು ಪಿ. ಗುರುಶಾಂತ. 1951ರಲ್ಲಿ ಅವರ ಸ್ಥಾನಕ್ಕೆ ನಾರ್ಮನ್ ಸಾರ್ಜಂಟ್ ಬಂದರು. ಮುಂದೆ ಅದೇ ಸಭಾಪ್ರಾಂತ ಒಡೆದು ಕರ್ನಾಟಕ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು. ಮೈಸೂರು ನಗರ ದಕ್ಷಿಣಕ್ಕೆ ಸೇರಿತು. ಅದರ ಕೇಂದ್ರ ಮಂಗಳೂರಿನ ಬಲ್ಮಠ.

ದೂರದ ಖರ್ಚು

ಸರಾಸರಿ ಎಲ್ಲವನ್ನೂ ಹೇಳುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ 6,10,95,297 ಜನರಲ್ಲಿ ಕ್ರೈಸ್ತರು 11,42,647, ಅಂದರೆ ಶೇ. 1.87; ಸಿಎಸ್‌ಐನವರು ಅದರಲ್ಲೊಂದು ಭಾಗ. ತಮಿಳುನಾಡು, ಆಂಧ್ರದ ಸಭಾಪ್ರಾಂತಗಳ ಮುಂದೆ ಇಲ್ಲಿನವು ಚಿಕ್ಕವು. ಇಲ್ಲಿ ಬಿಷಪರನ್ನು ದಣಿಸುವುದು ದೂರ.

ಮೈಸೂರಿನ ರಾಜೀವನಗರದ ಒಂದು ಸಿಎಸ್‌ಐ ಮನೆಯನ್ನೇ ತೆಗೆದುಕೊಳ್ಳಿ. ಬಲ್ಮಠದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮಾರ್ಗವಾಗಿ ಮೈಸೂರಿಗೆ ಸುಮಾರು 250 ಕಿ.ಮೀ. ಹೋಗಿಬರಲು 500. ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 33 ಲೀಟರ್ ಪೆಟ್ರೋಲ್. ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 3,400 ರೂಪಾಯಿ. ಬಿಷಪರು ತಿಂಗಳಿಗೊಮ್ಮೆ ಬಂದರೆ ವರ್ಷಕ್ಕೆ 40,800. ನೂರು ಮನೆಗಳಿಗೆ ಹಂಚಿದರೆ ಮನೆಗೆ ತಿಂಗಳಿಗೆ 34 ರೂಪಾಯಿ. ಹಣ ಅಡ್ಡಿಯಲ್ಲ. ಘಾಟಿ ಹತ್ತಿ ಇಳಿಯುವುದರಲ್ಲೇ ಕಳೆದುಹೋಗುವ ದಿನಗಳು ಮರಳಿ ಸಿಕ್ಕುವುದಿಲ್ಲ.

ಕಾಣಿಕೆಗೆ ಇಬ್ಬರ ಸಹಿ

ಆರಾಧನೆ ಮುಗಿದ ಮೇಲೆ ವೆಸ್ಟ್ರಿಯ, ಅಂದರೆ ಚರ್ಚಿನ ಒಳಕೋಣೆಯ, ಮೇಜಿನ ಮೇಲೆ ಕಾಣಿಕೆ ಚೀಲ ಸುರಿಯುತ್ತಾರೆ. ಹತ್ತರ ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ, ಹೆಸರು ಬರೆದ ಲಕೋಟೆ ಇನ್ನೊಂದು ಕಡೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಐದು ರೂಪಾಯಿ ನಾಣ್ಯಕ್ಕೂ ಸಲ್ಲುವ ಈ ಶಿಸ್ತು ಸಭಾಪ್ರಾಂತದ ಆಸ್ತಿಗೂ ಅಧಿಕಾರಕ್ಕೂ ಸಲ್ಲಬೇಕು. ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದ್ದು ಸಭೆಯ ಎಲ್ಲರಿಗೂ ನೋವಿನ ಸಂಗತಿ.

ಬಿಷಪರ ಆಯ್ಕೆಯಲ್ಲಿ ಸಭಾಪ್ರಾಂತದ ಕೌನ್ಸಿಲ್ ಮತ ಹಾಕಿ ಪ್ಯಾನೆಲ್ ಕಳಿಸುತ್ತದೆ, ಸಿನೋಡ್, ಅಂದರೆ ಇಡೀ ಸಿಎಸ್‌ಐನ ಮಹಾಸಭೆಯ, ಮಟ್ಟದಲ್ಲಿ ಅದರಿಂದ ಒಬ್ಬರನ್ನು ಆರಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಮಹಿಳೆಗೆ ಆ ಪೀಠ ಮೊದಲು ಸಿಕ್ಕಿದ್ದು 66 ವರ್ಷಗಳ ನಂತರ: 2013ರಲ್ಲಿ ನಂದ್ಯಾಲದ ಇ. ಪುಷ್ಪಾ ಲಲಿತಾ. ಈ ಒಂದು ವಿಷಯದಲ್ಲಿ ನಮ್ಮ ಸಭೆ ಇಂಗ್ಲೆಂಡಿಗೂ ಮುಂದಿತ್ತು: ಅಲ್ಲಿ ಮೊದಲ ಮಹಿಳಾ ಬಿಷಪರ ಅಭಿಷೇಕ ಆದದ್ದು 2015ರಲ್ಲಿ.

ಪತ್ರದಲ್ಲಿ ಈ ನಾಲ್ಕು ಸಾಲು ಬರಲಿ

ಮೈಸೂರಿನ ಮಂಡಿ ಮೊಹಲ್ಲಾದ ಸಿಎಸ್‌ಐ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಿಂದಲೂ ಊರಿಗೆ ‘ಮಿಷನ್ ಆಸ್ಪತ್ರೆ’. ಜಾತಿ ಮತ ನೋಡದೆ ಜನ ಅಲ್ಲಿಗೆ ಹೋಗುತ್ತಾರೆ. ಹಾಗಾಗಿ ಸಭೆಯ ಆಡಳಿತ ಸಭೆಯವರದ್ದಷ್ಟೇ ಅಲ್ಲ, ಊರಿನದ್ದೂ ಹೌದು.

ಬಿಷಪರು ಸಭೆಗಳಿಗೆ ಬರೆಯುವ ಪಾಲನಾ ಪತ್ರದಲ್ಲಿ ಆಶೀರ್ವಾದ, ಉಪದೇಶದ ಜೊತೆಗೆ ಪ್ರತಿವರ್ಷ ನಾಲ್ಕು ಲೆಕ್ಕ ಇರಲಿ:

1. ಆ ವರ್ಷ ಭೇಟಿ ಕೊಟ್ಟ ಸಭೆಗಳೆಷ್ಟು, ಉಳಿದವೆಷ್ಟು.
2. ಸಭಾಪಾಲಕರಿಲ್ಲದ ಸಭೆಗಳೆಷ್ಟು.
3. ಬಂದ ಹಣ, ಖರ್ಚಾದ ಹಣ, ಆಸ್ತಿಯ ಬಾಡಿಗೆ.
4. ಸಮಿತಿಗಳಲ್ಲಿ ಮಹಿಳೆಯರೂ ಯುವಕರೂ ಎಷ್ಟು ಮಂದಿ.

ಪತ್ರ ಕನ್ನಡದಲ್ಲಿರಲಿ, ನೋಟಿಸ್ ಬೋರ್ಡಿನಲ್ಲಿ ವರ್ಷವಿಡೀ ಇರಲಿ. ಮುಂದಿನ ಸಭೆಯ ಕೂಟದಲ್ಲಿ ಎದ್ದು ನಿಂತು ಈ ನಾಲ್ಕನ್ನು ಕೇಳಿ. ಕಾಣಿಕೆ ಹಾಕುವ ಕೈಗೆ ಲೆಕ್ಕ ಕೇಳುವ ಹಕ್ಕಿದೆ.