ಒಂದರ ಮುಂದಿನ ಚುಕ್ಕೆ

ಗಣಿತ ಪುಸ್ತಕದ ಯಾವುದಾದರೊಂದು ಅಭ್ಯಾಸದ ಪುಟ ತೆಗೆಯಿರಿ. ಎಡ ಅಂಚಿನಲ್ಲಿ 1, 2, 3 ಎಂದು ಸಾಲಾಗಿ ಕ್ರಮಸಂಖ್ಯೆಗಳು. ಅವುಗಳ ಕೆಳಗೆ ತುಸು ಒಳಸರಿದು ಅ), ಆ), ಇ) ಎಂಬ ಉಪಪ್ರಶ್ನೆಗಳು. ಕಣ್ಣಿದ್ದವರು ಇವನ್ನು ಓದುವ ಗೋಜಿಗೇ ಹೋಗುವುದಿಲ್ಲ. ಒಂದು ನೋಟಕ್ಕೇ ಪುಟದ ಅಂದಾಜು ಸಿಕ್ಕಿಬಿಡುತ್ತದೆ. ಬೆರಳ ತುದಿಯಿಂದ ಓದುವ ವಿದ್ಯಾರ್ಥಿನಿಗೆ ಪುಟ ಹೀಗೆ ಒಟ್ಟಿಗೆ ದಕ್ಕುವುದಿಲ್ಲ. ತಾನು ಯಾವ ಲೆಕ್ಕದಲ್ಲಿದ್ದೇನೆ, ಮುಂದಿನದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವಳಿಗೆ ಹೇಳುವುದು ಆ ಕ್ರಮಸಂಖ್ಯೆ ಮಾತ್ರ.

ಮೂರನೆಯ ಪ್ರಶ್ನೆ ‘5 × 7 ಎಷ್ಟು?’ ಎಂದಿರಲಿ. ಕಡತವನ್ನು ಬ್ರೈಲ್‌ಗೆ ತಿರುಗಿಸುವಾಗ ‘3.’ ಮತ್ತು 5ರ ನಡುವಿನ ಖಾಲಿ ಜಾಗ ಬಿದ್ದುಹೋದರೆ ಪ್ರಶ್ನೆ ‘3.5 × 7’ ಆಗುತ್ತದೆ. ಉತ್ತರ 35 ಇದ್ದದ್ದು 24.5 ಆಯಿತು. ಹುಡುಗಿ ಲೆಕ್ಕವನ್ನು ಸರಿಯಾಗಿಯೇ ಮಾಡಿರುತ್ತಾಳೆ, ಅಂಕ ಮಾತ್ರ ಹೋಗುತ್ತದೆ. ಗಣಿತವನ್ನು ಬ್ರೈಲ್‌ಗೆ ತರುವ ಕೆಲಸವೆಂದರೆ ಭಿನ್ನರಾಶಿ, ವರ್ಗಮೂಲ, ಸಮಾಕಲನಗಳದ್ದೇ ಕಷ್ಟ ಎಂದುಕೊಳ್ಳುತ್ತೇವೆ. ಅವುಗಳಿಗೆಲ್ಲ ಸ್ಪಷ್ಟ ನಿಯಮಗಳಿವೆ, ಒಳ್ಳೆಯ ಸಾಫ್ಟ್‌ವೇರ್ ಅವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಎಡವಟ್ಟಾಗುವುದು ಹೆಚ್ಚಾಗಿ ಯಾರೂ ಗಣಿತವೆಂದು ಎಣಿಸದ ಈ ಕ್ರಮಸಂಖ್ಯೆಯ ಜಾಗದಲ್ಲಿ.

ಏಕೆಂದು ತಿಳಿಯಲು ಬ್ರೈಲ್‌ನ ಒಳಗೆ ಸ್ವಲ್ಪ ಇಣುಕಬೇಕು. ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಲಿಪಿಯ ಒಂದೊಂದು ಮನೆಯಲ್ಲಿ ಆರು ಚುಕ್ಕೆಗಳಿಗೆ ಜಾಗ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಇಷ್ಟರಲ್ಲಿ ಆಗುವ ಜೋಡಣೆಗಳು 63 ಮಾತ್ರ. ಆದ್ದರಿಂದ ಅಂಕಿಗಳಿಗೆ ಬೇರೆ ಆಕಾರಗಳಿಲ್ಲ. ರೋಮನ್ ಲಿಪಿಯ ಮೊದಲ ಹತ್ತು ಅಕ್ಷರಗಳ ಆಕಾರಗಳೇ, ಹಿಂದೆ ‘ಅಂಕಿ ಚಿಹ್ನೆ’ ಬಂದರೆ, 1ರಿಂದ 0ವರೆಗಿನ ಅಂಕಿಗಳಾಗುತ್ತವೆ. ಭಾರತೀಯ ಭಾಷೆಗಳಿಗೆಂದು 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಕೂಡ ಇದೇ ಆಕಾರಗಳನ್ನು ಹಂಚಿಕೊಂಡಿದೆ. ಹೀಗಾಗಿ ಕನ್ನಡ ಬ್ರೈಲ್‌ನಲ್ಲಿ ಅಂಕಿ ಚಿಹ್ನೆ ಹಿಂದಿದ್ದರೆ ‘ಅ’ ಎಂಬುದು 1, ‘ಬ’ ಎಂಬುದು 2, ‘ಚ’ 3, ‘ದ’ 4. ಆ ಚಿಹ್ನೆಯೊಂದು ಜಾರಿದರೂ ‘1)’ ಎಂಬ ಪ್ರಶ್ನೆ ‘ಅ)’ ಎಂಬ ಉಪಪ್ರಶ್ನೆಯಾಗಿ ಬೆರಳಿಗೆ ಸಿಗುತ್ತದೆ.

ಇನ್ನು ಗಣಿತದ ವಿಚಾರ. ಅಬ್ರಹಾಂ ನೆಮೆತ್ 1918ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಹುಟ್ಟಿನಿಂದಲೇ ಅಂಧರು. ಗಣಿತ ಓದಬೇಕೆಂದಾಗ ಅಂಧರಿಗೆ ಅದು ಒಗ್ಗುವ ವಿಷಯವಲ್ಲ ಎಂದು ಹೇಳಿ ಮನಶ್ಶಾಸ್ತ್ರದ ಕಡೆಗೆ ಕಳಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆ ಪದವಿ ಮುಗಿಸಿದ ಮೇಲೂ ಅವರು ಗಣಿತವನ್ನು ಬಿಡಲಿಲ್ಲ. ಸಂಜೆ ತರಗತಿಗಳಲ್ಲಿ ಕಲಿತರು, ಕಲಿಸಿದರು, ಕೊನೆಗೆ ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ದಶಕ ಗಣಿತದ ಅಧ್ಯಾಪಕರಾಗಿದ್ದರು. ತಮ್ಮ ಓದಿಗೆಂದು ತಾವೇ ಕಟ್ಟಿಕೊಂಡ ಬ್ರೈಲ್ ಗಣಿತ ಸಂಕೇತ 1952ರಲ್ಲಿ ಪ್ರಕಟವಾಯಿತು. 1972ರಲ್ಲಿ ಪರಿಷ್ಕೃತ ರೂಪ ಬಂತು. ಅಮೆರಿಕದ ಅಂಧ ವಿದ್ಯಾರ್ಥಿಗಳು ಏಳು ದಶಕಗಳಿಂದ ಗಣಿತ ಓದುತ್ತಿರುವುದು ಈ ನೆಮೆತ್ ಸಂಕೇತದಲ್ಲಿ. ಭಾರತದ ಶಾಲೆಗಳಲ್ಲೂ ಅದು ಬಳಕೆಯಲ್ಲಿದೆ.

ನೆಮೆತ್ ಮಾಡಿದ ಮುಖ್ಯ ಬದಲಾವಣೆ ಒಂದು. ಅಂಕಿಗಳ ಆಕಾರವನ್ನು ಹಾಗೆಯೇ ಉಳಿಸಿಕೊಂಡು ಅವನ್ನು ಮನೆಯ ಮೇಲ್ಭಾಗದಿಂದ ಕೆಳಭಾಗಕ್ಕೆ ಇಳಿಸಿಬಿಟ್ಟರು. ಬೀಜಗಣಿತದಲ್ಲಿ ಅಕ್ಷರವೂ ಅಂಕಿಯೂ ಅಕ್ಕಪಕ್ಕ ಬರುತ್ತಲೇ ಇರುತ್ತವೆ. ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಪ್ರತಿ ಸಲವೂ ಅಂಕಿ ಚಿಹ್ನೆ ಹಾಕುವ ತಾಪತ್ರಯ ಇಲ್ಲ. ಎಂಥ ಸರಳ, ಎಂಥ ಉಪಕಾರದ ಉಪಾಯ! ಆದರೆ ಕೆಳಭಾಗದಲ್ಲಿ ಮೊದಲೇ ಬೇರೆಯವರ ವಾಸವಿತ್ತು. ವಿರಾಮ ಚಿಹ್ನೆಗಳು ಇರುವುದು ಅಲ್ಲಿಯೇ. ಇಳಿಸಿದ 4ರ ಚುಕ್ಕೆಗಳು 2, 5, 6. ಪೂರ್ಣವಿರಾಮದ ಚುಕ್ಕೆಗಳೂ ಅವೇ.

ಇದರ ಪರಿಣಾಮ ನೋಡಿ. ‘1.’ ಎಂಬ ಕ್ರಮಸಂಖ್ಯೆಯನ್ನು ನೆಮೆತ್‌ನಲ್ಲಿ ಯಾಂತ್ರಿಕವಾಗಿ ಇಳಿಸಿದರೆ ಬೆರಳಿಗೆ ಸಿಗುವುದು 14. ‘2.’ ಎಂಬುದು 24, ‘3.’ ಎಂಬುದು 34. ಇಡೀ ಅಭ್ಯಾಸ 14, 24, 34 ಎಂದು ಸಾಗುತ್ತದೆ. ಇದಕ್ಕೆ ನೆಮೆತ್ ಸಂಕೇತದಲ್ಲೇ ಪರಿಹಾರವಿದೆ: ಅಂಕಿಯಾದ ಮೇಲೆ, ಪೂರ್ಣವಿರಾಮಕ್ಕೆ ಮುಂಚೆ, 4, 5, 6ನೇ ಚುಕ್ಕೆಗಳ ‘ವಿರಾಮ ಸೂಚಕ’ ಹಾಕಬೇಕು. ಮುಂದೆ ಬರುವುದು ಅಂಕಿಯಲ್ಲ, ವಿರಾಮ ಎಂದು ಅದು ತಿಳಿಸುತ್ತದೆ. ಆದರೆ ಅದನ್ನು ಹಾಕಬೇಕೆಂದು ಸಾಫ್ಟ್‌ವೇರ್‌ಗೆ ಹೊಳೆಯಬೇಕಾದರೆ ಎದುರಿಗಿರುವುದು ಪ್ರಶ್ನೆಯ ಕ್ರಮಸಂಖ್ಯೆ ಎಂದು ಅದಕ್ಕೆ ಮೊದಲು ಗೊತ್ತಾಗಬೇಕು.

ಗೊತ್ತಾಗುವುದು ಕಷ್ಟ. ಪರದೆಯ ಮೇಲೆ ಕಾಣುವ ಸಂಖ್ಯೆ ಬಹಳ ಸಲ ಕಡತದ ಪಠ್ಯದಲ್ಲಿ ಇರುವುದೇ ಇಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸ್ವಯಂಚಾಲಿತ ಪಟ್ಟಿ ಹಾಕಿದರೆ ಪ್ಯಾರಾದಲ್ಲಿ ಉಳಿಯುವುದು ‘ನಾನು ಇಂಥ ಪಟ್ಟಿಗೆ ಸೇರಿದವನು’ ಎಂಬ ಗುರುತು ಮಾತ್ರ. 1 ಎಂದು ಬರೆಯಬೇಕೋ 5 ಎಂದೋ ಎಂಬ ಲೆಕ್ಕವೆಲ್ಲ ಕಡತದ ಇನ್ನೊಂದು ಭಾಗದಲ್ಲಿರುತ್ತದೆ. ಗಣಿತಜ್ಞರು ನೆಚ್ಚಿಕೊಂಡಿರುವ ಪುಟವಿನ್ಯಾಸದ ಸಾಫ್ಟ್‌ವೇರ್ ಲೇಟೆಕ್‌ನಲ್ಲೂ ಹೀಗೆಯೇ. ಬರೆಯುವವರು ‘ಐಟಂ’ ಎಂಬ ಆದೇಶ ಕೊಡುತ್ತ ಹೋಗುತ್ತಾರೆ, ಸಂಖ್ಯೆ ಮೂಡುವುದು ಪುಟ ಸಿದ್ಧವಾಗುವಾಗ. ಪಠ್ಯವನ್ನಷ್ಟೇ ಓದುವ ಅನುವಾದ ಸಾಫ್ಟ್‌ವೇರ್‌ಗೆ ಪ್ರಶ್ನೆಗಳು ತಲೆಯಿಲ್ಲದೆ ಬರುತ್ತವೆ. ನಡುವೆ ಒಂದು ವಿವರಣೆಯ ಪ್ಯಾರಾ ಬಂದರೆ ಐದನೆಯ ಪ್ರಶ್ನೆ ಮತ್ತೆ 1 ಆಗುವುದೂ ಉಂಟು.

ಅನುವಾದ ಸಾಫ್ಟ್‌ವೇರ್‌ಗಳ ಚರಿತ್ರೆ ಚಿಕ್ಕದೇನಲ್ಲ. ಐಬಿಎಂ 704ರಂಥ ಕೋಣೆ ತುಂಬುವ ಯಂತ್ರಗಳ ಕಾಲದಲ್ಲೇ ಇಂಗ್ಲಿಷ್ ಬ್ರೈಲ್‌ನ ಪ್ರೋಗ್ರಾಂ ಬರೆದಿದ್ದರು. 1975ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜೋ ಸಲಿವನ್ ಮತ್ತು ಬಾಬ್ ಗಿಲ್ಡಿಯಾ ಡಕ್ಸ್‌ಬರಿ ಸಂಸ್ಥೆ ಕಟ್ಟಿದರು. ಅದರ ಅನುವಾದ ಸಾಫ್ಟ್‌ವೇರ್ ‘ಡಿಬಿಟಿ’ ಇವತ್ತಿಗೂ ಜಗತ್ತಿನ ಬ್ರೈಲ್ ಮುದ್ರಣಾಲಯಗಳಲ್ಲಿ ಪರಿಚಿತ ಹೆಸರು. ಜಾನ್ ಬಾಯರ್ ಎಂಬ ಕಣ್ಣು, ಕಿವಿ ಎರಡೂ ಇಲ್ಲದ ಪ್ರೋಗ್ರಾಮರ್ 2002ರಲ್ಲಿ ಆರಂಭಿಸಿದ ‘ಲಿಬ್‌ಲೂಯಿ’ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕನ್ನಡದ ಕೋಷ್ಟಕವೂ ಇದೆ. ಇವುಗಳಿಂದ ಮುದ್ರಣಕ್ಕೆ ಹೋಗುವ ಬ್ರೈಲ್ ಕಡತದಲ್ಲಿ 64 ಕಂಪ್ಯೂಟರ್ ಅಕ್ಷರಗಳೇ ಬ್ರೈಲ್ ಮನೆಗಳ ಪ್ರತಿನಿಧಿಗಳು. ಅಲ್ಲಿ ಪೂರ್ಣವಿರಾಮ ತೋರುವುದು 4 ಎಂಬ ಅಂಕಿಯಾಗಿಯೇ! ಈ ಕೆಲಸದಲ್ಲಿ ಪಳಗಿದವರ ಕಣ್ಣು ಪರದೆಯ ಮೇಲೆ ಮೊದಲು ಹುಡುಕುವುದು ಆ 4 ತನ್ನ ಸೂಚಕದೊಂದಿಗೆ ಬಂದಿದೆಯೋ ಇಲ್ಲವೋ ಎಂಬುದನ್ನು.

ಅವರ ಕೆಲಸದ ಕ್ರಮ ಹೀಗೆ. ಲೇಟೆಕ್‌ನ ಕಡತವಾದರೆ ಪ್ಯಾನ್‌ಡಾಕ್‌ನಂಥ ಸಲಕರಣೆಯಿಂದ ವರ್ಡ್‌ಗೆ ತರುವುದು ಒಂದು ದಾರಿ. ವರ್ಡ್‌ನಲ್ಲಿ ‘ಕನ್ವರ್ಟ್ ನಂಬರ್ಸ್ ಟು ಟೆಕ್ಸ್ಟ್’ ಎಂಬ ಒಂದು ಆದೇಶವಿದೆ. ಮೆನುವಿನಲ್ಲಿ ಹುಡುಕಿದರೆ ಸಿಗದು, ಮ್ಯಾಕ್ರೋ ಕಿಟಕಿ ತೆರೆದು ಕೊಡಬೇಕು. ಅದನ್ನು ಕೊಟ್ಟ ಕ್ಷಣ ಸ್ವಯಂಚಾಲಿತ ಸಂಖ್ಯೆಗಳೆಲ್ಲ ನಿಜವಾಗಿ ಟೈಪ್ ಮಾಡಿದ ಅಕ್ಷರಗಳಾಗುತ್ತವೆ. ಆಮೇಲೆ ಸಂಖ್ಯೆಗೂ ಪ್ರಶ್ನೆಗೂ ನಡುವಿನ ಟ್ಯಾಬ್ ತೆಗೆದು ಒಂದೇ ಖಾಲಿ ಜಾಗ ಇಡಬೇಕು. ಆ ಜಾಗ ಸಮೀಕರಣದ ಒಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಯಾವ ಸಾಲು ಮುಖ್ಯ ಪ್ರಶ್ನೆ, ಯಾವುದು ಉಪಪ್ರಶ್ನೆ ಎಂದು ಸ್ಟೈಲ್ ಹೆಸರಿನಿಂದ ಗುರುತಿಸಬೇಕು, ಏಕೆಂದರೆ ಅನುವಾದ ಸಾಫ್ಟ್‌ವೇರ್ ಅದನ್ನು ಹಿಡಿದೇ ಸಾಲುಗಳನ್ನು ಒಳಸರಿಸುತ್ತದೆ. ಅಮೆರಿಕದ ಪಠ್ಯಪುಸ್ತಕ ರೂಢಿಯಲ್ಲಿ ಉಪಪ್ರಶ್ನೆಗಳಿರುವ ಕಡೆ ಮುಖ್ಯ ಪ್ರಶ್ನೆ ಮೊದಲ ಮನೆಯಿಂದ, ಉಪಪ್ರಶ್ನೆ ಮೂರನೆಯದರಿಂದ, ಉಳಿಕೆ ಸಾಲುಗಳೆಲ್ಲ ಐದನೆಯದರಿಂದ ಆರಂಭವಾಗುತ್ತವೆ. ಎಡಗೈ ಬೆರಳನ್ನು ಅಂಚಿನಗುಂಟ ಕೆಳಕ್ಕೆ ಜಾರಿಸಿದರೆ ಮೊದಲ ಮನೆಯಲ್ಲಿ ಸಿಗುವುದು ಮುಖ್ಯ ಪ್ರಶ್ನೆಗಳ ಸಂಖ್ಯೆಗಳಷ್ಟೇ. ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಕಣ್ಣಿನ ಒಂದು ನೋಟ ಮಾಡುವ ಕೆಲಸವನ್ನು ಇಲ್ಲಿ ಅಂಚು ಮಾಡುತ್ತದೆ. ಅಚ್ಚಿನ ಪುಸ್ತಕದಲ್ಲಿ ಎರಡು ಕಾಲಂ ಇದ್ದರೆ ಅದನ್ನೂ ಬಿಡಿಸಿ ಒಂದಾದ ಮೇಲೊಂದರಂತೆ ಇಳಿಸಬೇಕು.

2016ರ ಜನವರಿಯಿಂದ ಅಮೆರಿಕದಲ್ಲಿ ಸಾಮಾನ್ಯ ಬರಹಕ್ಕೆ ಏಕೀಕೃತ ಇಂಗ್ಲಿಷ್ ಬ್ರೈಲ್ ಬಂತು. ಗಣಿತಕ್ಕೆ ನೆಮೆತ್ ಉಳಿಯಿತು. ಏಕೀಕೃತ ಬ್ರೈಲ್‌ನಲ್ಲಿ ಅಂಕಿ ಮೇಲೆಯೇ ಇರುವುದರಿಂದ ‘1.’ ತೊಂದರೆ ಕೊಡುವುದಿಲ್ಲ. ಹಾಗೆಂದು ಸಂಖ್ಯೆಯನ್ನು ಅದರಲ್ಲಿ ಬರೆದು, ಸಮೀಕರಣಕ್ಕೆ ಮುಂಚೆ ನೆಮೆತ್ ಆರಂಭದ ಗುರುತು, ಮುಗಿದ ಮೇಲೆ ಅಂತ್ಯದ ಗುರುತು ಎಂದು ಪ್ರತಿ ಪ್ರಶ್ನೆಗೂ ಹಾಕುತ್ತ ಹೋದರೆ ಓದುವ ಬೆರಳು ದಣಿಯುತ್ತದೆ. ಬರೀ ಸಮೀಕರಣಗಳೇ ಇರುವ ಅಭ್ಯಾಸದಲ್ಲಿ ಕ್ರಮಸಂಖ್ಯೆಯನ್ನೂ ನೆಮೆತ್‌ನೊಳಗೇ ಸೇರಿಸಿಕೊಳ್ಳುವುದು ನನ್ನ ಮಟ್ಟಿಗೆ ಹೆಚ್ಚು ದಯೆಯುಳ್ಳ ದಾರಿ. ವಿರಾಮ ಸೂಚಕವನ್ನು ಮರೆಯಬಾರದು, ಅಷ್ಟೇ.

ನಮ್ಮಲ್ಲಿ ಈ ಮಾತಿಗೆ ತೂಕ ಹೆಚ್ಚು. ದೃಷ್ಟಿದೋಷವುಳ್ಳ ಮಕ್ಕಳು ಹತ್ತನೆಯ ತರಗತಿಯಲ್ಲಿ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ಅವಕಾಶವಿದೆ. ಅನುಕೂಲವೆಂದು ಕೊಟ್ಟ ಈ ಬಾಗಿಲಿನಿಂದ ಎಷ್ಟೋ ಮಕ್ಕಳು ಗಣಿತ ಬಿಟ್ಟು ಹೊರಟುಹೋಗುತ್ತಾರೆ. ಕಾನೂನಿನ ಅಡ್ಡಿ ಈಗಿಲ್ಲ: ಅಂಗವಿಕಲರಿಗಾಗಿ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅನುಮತಿ ಕೊಟ್ಟಿತು, 2014ರಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಮರ್ರಾಕೆಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಕೊರತೆಯಿರುವುದು ಕಡತಗಳು ಹುಟ್ಟುವ ಮೇಜಿನಲ್ಲಿ. ಸ್ಪೇಸ್ ಬಾರ್ ಒತ್ತಿ ಒತ್ತಿ ಉಪಪ್ರಶ್ನೆಯನ್ನು ಒಳಸರಿಸುವ, ಭಿನ್ನರಾಶಿಯನ್ನು ಚಿತ್ರವಾಗಿ ಅಂಟಿಸುವ ಪ್ರಶ್ನೆಪತ್ರಿಕೆಗಳಿಂದ ಯಾವ ಸಾಫ್ಟ್‌ವೇರ್ ಕೂಡ ಸರಿಯಾದ ಬ್ರೈಲ್ ತೆಗೆಯಲಾರದು. ಅದೇ ಶಿಕ್ಷಕರು ಶೀರ್ಷಿಕೆಗೆ ಶೀರ್ಷಿಕೆಯ ಸ್ಟೈಲ್, ಪಟ್ಟಿಗೆ ಪಟ್ಟಿಯ ಸ್ಟೈಲ್ ಕೊಟ್ಟು, ಸೂತ್ರಗಳನ್ನು ಸಮೀಕರಣ ಸಂಪಾದಕದಲ್ಲೇ ಬರೆದರೆ ಮುಂದಿನವರ ಕೆಲಸ ಎಷ್ಟೋ ಹಗುರ.

ಎಷ್ಟು ಎಚ್ಚರ ವಹಿಸಿದರೂ ಕಡೆಯ ಪರೀಕ್ಷೆ ಕೈಯಿಂದಲೇ ಆಗಬೇಕು. ಬ್ರೈಲ್ ಮುದ್ರಕವಾದ ಎಂಬಾಸರ್‌ನಿಂದ ಬಂದ ಮೊದಲ ಹಾಳೆಯನ್ನು ಬ್ರೈಲ್ ಓದುಗರೊಬ್ಬರು ಗಟ್ಟಿಯಾಗಿ ಓದಬೇಕು, ಅಚ್ಚಿನ ಪ್ರತಿ ಹಿಡಿದು ಇನ್ನೊಬ್ಬರು ಎದುರು ಕೂರಬೇಕು. ಮೊದಲ ಸುತ್ತಿನಲ್ಲಿ ಪ್ರಶ್ನೆಗಳನ್ನು ಬಿಟ್ಟು ಕ್ರಮಸಂಖ್ಯೆಗಳನ್ನಷ್ಟೇ ಓದಿಸಿದರೂ ಸಾಕು. ಒಂದು, ಎರಡು, ಮೂರು ಎಂದು ಬರಬೇಕಾದಲ್ಲಿ ‘ಹದಿನಾಲ್ಕು’ ಎಂಬ ದನಿ ಕೇಳಿದರೆ ಮುದ್ರಣ ನಿಲ್ಲಿಸಿ ಕಡತಕ್ಕೆ ಹಿಂತಿರುಗಬೇಕು.