‘ಹುಬ್ರಿಸ್ತೇಸ್’: ಹೊಸ ಒಡಂಬಡಿಕೆಯ ಒಂದು ಪದದ ಅರ್ಥವಿಚಾರ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಹುಬ್ರಿಸ್ತೇಸ್’ ಎಂಬ ನಾಮಪದ ಎರಡೇ ಕಡೆ ಬಳಕೆಯಾಗಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ದುರ್ಗುಣಗಳ ದೀರ್ಘ ಪಟ್ಟಿಯಲ್ಲಿ (1:30) ಅದು ಬಹುವಚನದಲ್ಲಿ ಬರುತ್ತದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ (1:13) ಪೌಲನ ಪೂರ್ವಜೀವನವನ್ನು ಮೂರು ಪದಗಳಲ್ಲಿ ಹೇಳುವಾಗ, ದೂಷಕ ಮತ್ತು ಹಿಂಸಕ ಎಂಬ ಅರ್ಥದ ಪದಗಳ ತರುವಾಯ ಕಡೆಯದಾಗಿ ಇದು ನಿಂತಿದೆ. ಈ ಎರಡನೆಯ ಪತ್ರಿಕೆ ಪೌಲನದೇ ಅಥವಾ ಅವನ ಪರಂಪರೆಯವರದೇ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು; ಪದದ ಅರ್ಥನಿರ್ಣಯಕ್ಕೆ ಅದರಿಂದ ಬಾಧೆಯಿಲ್ಲ. ಪ್ರಶ್ನೆ ಇಷ್ಟೆ: ಈ ಪದ ಒಬ್ಬನ ಮನೋಧರ್ಮವನ್ನು ಹೇಳುತ್ತದೆಯೆ, ಇಲ್ಲವೆ ಅವನು ಮತ್ತೊಬ್ಬರಿಗೆ ಎಸಗಿದ ಕೃತ್ಯವನ್ನೆ? ಅಹಂಕಾರಕ್ಕೆ ಅಹಂಕಾರಿಯೊಬ್ಬನಿದ್ದರೆ ಸಾಕು. ಕೃತ್ಯಕ್ಕಾದರೋ ಅದನ್ನು ಅನುಭವಿಸಿದ ಇನ್ನೊಬ್ಬ ವ್ಯಕ್ತಿಯೂ ಬೇಕು.

ಇದರ ಮೂಲನಾಮವಾದ ‘ಹುಬ್ರಿಸ್’ ಎಂಬುದನ್ನು ದೇವತೆಗಳ ಮಿತಿಯನ್ನು ಮೀರುವ ಮಾನವನ ಗರ್ವವೆಂದು ವಿವರಿಸುವುದು ಆಧುನಿಕ ಸಾಹಿತ್ಯವಿಮರ್ಶೆಯಲ್ಲಿ ರೂಢಿಯಾಗಿದೆ. ಗ್ರೀಕ್ ದುರಂತನಾಟಕಗಳ ಬಗೆಗಿನ ಕನ್ನಡ ಬರವಣಿಗೆಗೂ ಈ ವಿವರಣೆ ಅಪರಿಚಿತವಲ್ಲ. ಆದರೆ ಅಥೆನ್ಸಿನ ನ್ಯಾಯಾಲಯಗಳಲ್ಲಿ ಹುಬ್ರಿಸ್ ಎಂಬುದು ದಂಡನಾರ್ಹವಾದ ಒಂದು ಅಪರಾಧದ ಹೆಸರು. ನೊಂದವನೇ ದೂರು ಕೊಡಬೇಕೆಂಬ ನಿರ್ಬಂಧ ಅದಕ್ಕಿರಲಿಲ್ಲ; ಇಚ್ಛೆಯುಳ್ಳ ಯಾವ ಪೌರನಾದರೂ ಮೊಕದ್ದಮೆ ಹೂಡಬಹುದಾಗಿತ್ತು. ಗುಲಾಮರ ಮೇಲೆ ನಡೆದ ಹುಬ್ರಿಸ್ ಕೂಡ ಆ ಶಾಸನದ ವ್ಯಾಪ್ತಿಗೆ ಬರುತ್ತಿತ್ತೆಂಬುದನ್ನು ಡೆಮಾಸ್ತನೀಸನು ಹೆಮ್ಮೆಯಿಂದ ಎತ್ತಿ ಹೇಳಿದ್ದಾನೆ. ಕ್ರಿ.ಪೂ. 348ರ ಡಯೊನೈಸಿಯ ಉತ್ಸವದಲ್ಲಿ ಮೇಳದ ಪೋಷಕನಾಗಿದ್ದ ಅವನ ಮುಖಕ್ಕೆ ಶ್ರೀಮಂತನಾದ ಮೈಡಿಯಸನು ತುಂಬಿದ ರಂಗಮಂದಿರದಲ್ಲಿ ಗುದ್ದಿದನು. ಈ ಪ್ರಕರಣಕ್ಕಾಗಿ ಸಿದ್ಧಪಡಿಸಿದ ಭಾಷಣದಲ್ಲಿ ಡೆಮಾಸ್ತನೀಸನ ವಾದ ನಿಂತಿರುವುದು ಏಟಿನ ನೋವಿನ ಮೇಲಲ್ಲ, ಹೊಡೆದವನ ಭಂಗಿ, ನೋಟ ಮತ್ತು ಧ್ವನಿಯಲ್ಲಿದ್ದ ಅವಮಾನದ ಮೇಲೆ.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನ ಅವನು ಅರಿಸ್ಟನ್ ಎಂಬ ತರುಣನಿಗಾಗಿ ರಚಿಸಿದ, ಕೊನನ್ ಎಂಬುವನ ವಿರುದ್ಧದ ಭಾಷಣದಲ್ಲಿ ದೊರೆಯುತ್ತದೆ. ಕೊನನ್ ಮತ್ತು ಸಂಗಡಿಗರು ಅರಿಸ್ಟನ್‌ನ ಮೇಲುಡುಪನ್ನು ಸೆಳೆದು, ಅವನನ್ನು ಕೆಸರಿಗೆ ಕೆಡವಿ ಥಳಿಸಿದರು. ಬಳಿಕ ಕೊನನ್ ಕಾಳಗದಲ್ಲಿ ಗೆದ್ದ ಹುಂಜದಂತೆ ಕೂಗಿದನು. ಮೊಳಕೈಗಳನ್ನೇ ರೆಕ್ಕೆಗಳಂತೆ ಪಕ್ಕೆಗೆ ಬಡಿಯೆಂದು ಜೊತೆಯವರು ಅವನನ್ನು ಹುರಿದುಂಬಿಸಿದರು. ಮೊಕದ್ದಮೆ ವಾಸ್ತವವಾಗಿ ಸಾಮಾನ್ಯ ಹಲ್ಲೆಯ ಆಪಾದನೆಯ ಮೇಲೆ ದಾಖಲಾಗಿತ್ತು. ಆದರೂ ಹುಬ್ರಿಸ್ ನಡೆದಿದೆಯೆಂಬುದಕ್ಕೆ ಈ ಹುಂಜದ ಕೂಗೇ ಸಾಕ್ಷಿಯೆಂದು ವಾದಿಸಲಾಯಿತು. ಅರಿಸ್ಟಾಟಲನು ‘ರೆಟರಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಕೊಡುವ ಲಕ್ಷಣ ಈ ಪ್ರಸಂಗಕ್ಕೇ ಬರೆದಂತಿದೆ. ಅವನ ಪ್ರಕಾರ, ಯಾವ ಲಾಭಕ್ಕೂ ಅಲ್ಲದೆ, ಸೇಡಿಗೂ ಅಲ್ಲದೆ, ಮಾಡುವುದರ ಸುಖಕ್ಕಾಗಿಯೇ ಮತ್ತೊಬ್ಬನಿಗೆ ನಾಚಿಕೆಯುಂಟುಮಾಡುವ ನಡೆನುಡಿಯೇ ಹುಬ್ರಿಸ್. ಇತರರನ್ನು ತುಳಿದರೆ ತಾವು ಮೇಲಾದಂತೆ ಭಾವಿಸುವುದೇ ಆ ಸುಖದ ಮೂಲವೆಂದೂ, ತರುಣರಲ್ಲಿ ಮತ್ತು ಧನಿಕರಲ್ಲಿ ಈ ದೋಷ ಹೆಚ್ಚೆಂದೂ ಅವನು ಹೇಳುತ್ತಾನೆ. ಎನ್. ಆರ್. ಇ. ಫಿಶರ್ ಅವರ 1992ರ ಬೃಹತ್ ಅಧ್ಯಯನ ಈ ಅವಮಾನದ ಅಂಶವನ್ನೇ ಕೇಂದ್ರದಲ್ಲಿರಿಸಿತು. ಡಗ್ಲಸ್ ಕೆಯರ್ನ್ಸ್ ಅವರು 1996ರಲ್ಲಿ ಅದಕ್ಕೆ ತಿದ್ದುಪಡಿ ಸೂಚಿಸಿ, ತನ್ನನ್ನು ತಾನು ದೊಡ್ಡವನೆಂದು ಬಗೆಯುವ ಭಾವವನ್ನೂ ಪರಿಗಣಿಸಬೇಕೆಂದರು. ಈ ತಿದ್ದುಪಡಿ ನ್ಯಾಯವಾದುದೇ.

ಏಕೆಂದರೆ ಯೆಹೂದ್ಯರ ಗ್ರೀಕ್ ಅನುವಾದವಾದ ಸೆಪ್ಟುವಜಿಂಟಿನಲ್ಲಿ ಪದ ಗರ್ವದ ಕಡೆಗೆ ವಾಲಿದೆ. ಜ್ಞಾನೋಕ್ತಿಗಳಲ್ಲಿ (15:25, 16:19) ಹೀಬ್ರೂವಿನ ‘ಗರ್ವಿಷ್ಠರು’ ಎಂಬ ಪದಕ್ಕೆ ‘ಹುಬ್ರಿಸ್ತೇಸ್’ ಶಬ್ದದ ಬಹುವಚನವೇ ಪ್ರತಿಪದ; ಯೆಶಾಯನಲ್ಲಿಯೂ (2:12) ಹೀಗೆಯೇ. ಆದರೂ ಜ್ಞಾನೋಕ್ತಿಯ ಆ ಗರ್ವಿಷ್ಠರು ಕೊಳ್ಳೆ ಹಂಚಿಕೊಳ್ಳುವವರೆಂಬುದನ್ನು ಮರೆಯುವಂತಿಲ್ಲ. ಇಲ್ಲಿಯ ಗರ್ವಕ್ಕೆ ಕೈಗಳಿವೆ.

ಹೊಸ ಒಡಂಬಡಿಕೆಯಲ್ಲಿ ಇದೇ ಧಾತುವಿನ ಕ್ರಿಯಾಪದದ ಪ್ರಯೋಗಗಳು ನಿರ್ಣಾಯಕವಾಗಿವೆ. ಮದುವೆಯ ಔತಣದ ಸಾಮತಿಯಲ್ಲಿ ಅರಸನ ಆಳುಗಳನ್ನು ಅವಮಾನಿಸಿ ಕೊಲ್ಲುತ್ತಾರೆ (ಮತ್ತಾಯ 22:6). ಯೇಸುವಿನ ಶ್ರಮೆಯ ಮುನ್ಸೂಚನೆಯಲ್ಲಿ ಈ ಕ್ರಿಯಾಪದ ಅಪಹಾಸ್ಯ ಮತ್ತು ಉಗುಳುವಿಕೆಯ ನಡುವೆ ಬಂದಿದೆ (ಲೂಕ 18:32). ಇಕೋನ್ಯದಲ್ಲಿ ಅದು ಕಲ್ಲೆಸೆತದ ಜೊತೆ ಸೇರಿದೆ (ಅಪೊಸ್ತಲರ ಕೃತ್ಯಗಳು 14:5). ಬರಿಯ ಮಾತಿನ ಅವಮಾನಕ್ಕೆ ಸಲ್ಲುವ ಪ್ರಯೋಗವೂ ಒಂದಿದೆ (ಲೂಕ 11:45). ಸಮುದ್ರಯಾನದ ವೃತ್ತಾಂತದಲ್ಲಂತೂ (ಅಪೊಸ್ತಲರ ಕೃತ್ಯಗಳು 27:10, 21) ಹುಬ್ರಿಸ್ ಎಂದರೆ ಚಂಡಮಾರುತ ತರುವ ಹಾನಿ, ಗಾಳಿಗೆ ಗರ್ವವೆಲ್ಲಿಯದು?

ಆರ್. ಸಿ. ಟ್ರೆಂಚ್ 1854ರಲ್ಲಿ ಪ್ರಕಟಿಸಿದ ಸಮಾನಾರ್ಥಕ ಪದಗಳ ಗ್ರಂಥದಲ್ಲಿ ರೋಮಾಪುರದ ಪಟ್ಟಿಯ ಮೂರು ನೆರೆಪದಗಳನ್ನು ಬೇರ್ಪಡಿಸಿದ ಕ್ರಮ ಇಂದಿಗೂ ಉಪಯುಕ್ತವಾಗಿದೆ: ‘ಅಲಜೋನ್’ ಮಾತಿನಲ್ಲಿ ಬಡಾಯಿಗಾರ, ‘ಹುಪೆರೆಫನೋಸ್’ ಮನಸ್ಸಿನಲ್ಲಿ ಗರ್ವಿ, ‘ಹುಬ್ರಿಸ್ತೇಸ್’ ಕೃತಿಯಲ್ಲಿ ಪೀಡಕ. ಲ್ಯಾಟಿನ್ ವಲ್ಗೇಟ್ ಎರಡೂ ಕಡೆ ‘ಕಂಟುಮೆಲಿಯೋಸುಸ್’ ಎಂಬ ಅವಮಾನಸೂಚಕ ಪದವನ್ನೇ ಬಳಸಿದೆ.

ತಿಮೊಥೆಯನ ಪತ್ರಿಕೆಗೆ ಮರಳಿದರೆ ಮೂರನೆಯ ಪದದ ಭಾರ ತಿಳಿಯುತ್ತದೆ. ಮನೆಮನೆಗೆ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಎಳೆದೊಯ್ದವನು (ಅಪೊಸ್ತಲರ ಕೃತ್ಯಗಳು 8:3), ಸಭಾಮಂದಿರಗಳಲ್ಲಿ ಹೊಡೆಸಿದವನು (22:19) ಅವನು. ಇಲ್ಲಿ ‘ಅಹಂಕಾರಿ’ ಎಂದು ಅನುವಾದಿಸಿದರೆ ಎಳೆದೊಯ್ಯಲ್ಪಟ್ಟ ಜನ ವಾಕ್ಯದಿಂದ ಮರೆಯಾಗುತ್ತಾರೆ. ಪರರ ಮೇಲಿನ ಅನ್ಯಾಯ ಒಬ್ಬನ ಸ್ವಭಾವದೋಷವಾಗಿ ಕುಗ್ಗುತ್ತದೆ. ‘ಹಿಂಸಕ’ ಎಂಬುದು ಹಿಂದೆಯೇ ಬಂದಿರುವುದರಿಂದ ಅದನ್ನು ಮತ್ತೆ ಬಳಸಿದರೂ ಸಾಲದು. ಕನ್ನಡದ ‘ಸೊಕ್ಕಿನವನು’, ‘ಉದ್ಧಟ’ ಎಂಬ ಪದಗಳು ರೋಮಾಪುರದ ಪಟ್ಟಿಗೆ ಹೇಗೋ ಹೊಂದಿಯಾವು. ತಿಮೊಥೆಯನ ಪತ್ರಿಕೆಗೆ ‘ದೌರ್ಜನ್ಯ ಎಸಗಿದವನು’ ಎಂಬುದೇ ಹೆಚ್ಚು ಸಮೀಪದ್ದು. ಪರಿಶಿಷ್ಟ ಜಾತಿ, ಪಂಗಡಗಳ ಕುರಿತ 1989ರ ಅಧಿನಿಯಮದ ಕನ್ನಡ ಹೆಸರಿನಿಂದ ಬಲಗೊಂಡ ಆ ಪದದಲ್ಲಿ ಹೊಡೆತ ಮತ್ತು ಮಾನಭಂಗ ಎರಡೂ ಒಟ್ಟಿಗಿವೆ. ಸಾರ್ವಜನಿಕರ ಕಣ್ಣೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನೂ ಆ ಅಧಿನಿಯಮ ಅಪರಾಧವೆಂದು ಗಣಿಸುತ್ತದೆ.

ಇದೇ ಧಾತು ಪೌಲನ ಕಡೆಗೆ ತಿರುಗುವುದೂ ಉಂಟು. ಫಿಲಿಪ್ಪಿಯಲ್ಲಿ ಬಟ್ಟೆ ಕಿತ್ತು, ವಿಚಾರಣೆಯಿಲ್ಲದೆ ಬಹಿರಂಗವಾಗಿ ಕೋಲುಗಳಿಂದ ಹೊಡೆಸಿಕೊಂಡುದನ್ನು ಅವನು ಥೆಸಲೊನೀಕದವರಿಗೆ ತಿಳಿಸುವಾಗ (1 ಥೆಸಲೊನೀಕ 2:2) ಬಳಸುವುದು ಈ ಕ್ರಿಯಾಪದವನ್ನೇ.